ನಡುನೀರಿನ ಹಾಡು

ಅಫಜಲಪುರ
೭ ಜುಲೈ ೨೦೨೫

ನರೋಣಾದ ನನ್ನ ಅವ್ವನಿಗೆ ಶೈಲಶ್ರೀಯ ಶರಣಾರ್ಥಿ.

ಫೋನಿನಲ್ಲಿ ಈ ಮಾತು ತೆಗೆದರೆ ನೀನು ಕುಕ್ಕರ್ ಕೂಗಿತೆಂದು ಇಟ್ಟುಬಿಡುತ್ತೀ. ಅದಕ್ಕೇ ಈ ಕಾಗದ.

ನಾನು ಮನೆಯಲ್ಲೇ ಕೂತು ಮಾಡುತ್ತಿರುವ ವಿಡಿಯೊ ಗೇಮು ಮುಗಿಯುತ್ತ ಬಂತು. ಒಬ್ಬ ಹುಡುಗಿ ಮಂಜಿನಲ್ಲಿ ದೋಣಿ ಹತ್ತಿ ಭೀಮಾ ನದಿ ದಾಟಬೇಕು, ಅಷ್ಟೇ ಆಟ. ಬಡಿದಾಟವಿಲ್ಲ, ಅಂಕಗಳಿಲ್ಲ. ನೀರೊಳಗೆ ಮೀನುಗಳ ಬದಲು ನಕ್ಷತ್ರಗಳು ಓಡಾಡುತ್ತವೆ. ಯಾರು ಬೇಕಾದರೂ ಬಳಸಿಕೊಳ್ಳಲಿ ಎಂದು ಬಿಟ್ಟುಕೊಟ್ಟ ಸಂಗೀತವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಹುಡುಕಿ ಕೇಳಿದೆ. ಪಿಯಾನೊ, ಕೊಳಲು, ಎಲ್ಲ ಚೆಂದವೇ. ಆದರೆ ಒಂದಕ್ಕೂ ನಮ್ಮ ಹೊಳೆಯ ಗುರುತಿರಲಿಲ್ಲ. ಕಡೆಗೆ ನೀನು ಹಾಡಿಕೊಟ್ಟ ಬೀಸುವ ಪದ ಹಚ್ಚಿದೆ. ದೋಣಿ ತಾನಾಗಿ ತೇಲಿದಂತಾಯಿತು ಅವ್ವ, ನನಗೆ ಅಳು ಬಂತು.

ನಿನ್ನ ಹಾಡನ್ನೂ ಹಾಗೇ ಬಿಟ್ಟುಕೊಡಬೇಕೆಂದು ನನ್ನಾಸೆ. ಎಲ್ಲಿಯವರೋ ಯಾರೋ ಅದನ್ನು ತಮ್ಮ ಆಟಕ್ಕೆ ಸೇರಿಸಿಕೊಳ್ಳಲಿ, ಬೇಕಾದರೆ ರಾಗ ಹಿಗ್ಗಿಸಲಿ. ಒಮ್ಮೆ ಕೊಟ್ಟರೆ ವಾಪಸು ಕೇಳುವಂತಿಲ್ಲ. ಅದಕ್ಕೆ ಹಾಡಿದ ನಿನ್ನ ಒಪ್ಪಿಗೆ ಬೇಕು.

ಬೀಸುವಾಗ ಅಣ್ಣತಮ್ಮಂದಿರ ಹೆಸರು ಹಾಕಿ ಹಾಡುವುದು ನಿಮ್ಮ ರೂಢಿ. ನೀನೂ ಮೈಮರೆತು ಹಾಕಿಬಿಟ್ಟೆ, ಜೇವರ್ಗಿಯ ಗುರುಶಾಂತಣ್ಣ ಪಂಚಮಿಗೆ ತವರಿಗೆ ಕರೆಯಲು ಬರುತ್ತಾನೆಂದು. ಹೊಲದ ಪಾಲಿನ ಜಗಳವಾದಾಗಿನಿಂದ ಮಾವ ಕರೆಯಲು ಬಂದಿಲ್ಲ, ನೀನು ಅವರ ಹೆಸರೆತ್ತಿಲ್ಲ. ಮರುದಿನವೇ ಫೋನ್ ಮಾಡಿ, "ಆ ಹೆಸರು ತಗದು ಹಾಕವಾ, ಮಂದಿ ಕೇಳಿದ್ರ ನಗ್ತಾರ" ಅಂದಿ.

ತೆಗೆದು ನೋಡಿದೆ. ಬೇರೆ ಸಾಲು ಜೋಡಿಸಿಯೂ ನೋಡಿದೆ. ಆ ಹೆಸರಿಗೆ ಬಂದಾಗ ನಿನ್ನ ದನಿ ಚಿಕ್ಕ ಹುಡುಗಿಯದಾಗುತ್ತದೆ. ಅದನ್ನು ಕತ್ತರಿಸಿದರೆ ಬೀಸುಕಲ್ಲಿನ ಸದ್ದಷ್ಟೇ ಉಳಿಯುತ್ತದೆ. ನಿನ್ನ ಸಿಟ್ಟು ನನಗೆ ಗೊತ್ತು. ಹಾಡಿನಲ್ಲಿ ಮಾತ್ರ ಅದು ಎಲ್ಲೂ ಕೇಳಿಸುವುದಿಲ್ಲ.

ಬೇಡವೆಂದರೆ ಹಾಡನ್ನೇ ತೆಗೆದು ಕೊಳಲು ಹಾಕುತ್ತೇನೆ, ಮುನಿಸಿಕೊಳ್ಳುವುದಿಲ್ಲ. ಯೋಚಿಸಿ ಹೇಳು.

ನಿನ್ನ ಹಟಮಾರಿ ಮಗಳು,
ಶೈಲಶ್ರೀ

ತಾ.ಕ.: ನಿನ್ನೆ ಗುರುಶಾಂತ ಮಾವ ಏನೋ ಕೆಲಸದ ಮೇಲೆ ಈ ಊರಿಗೆ ಬಂದವರು ಮನೆಗೂ ಬಂದಿದ್ದರು. ಆಟ ಆಡಲು ಕೊಟ್ಟೆ, ಹೆಸರು ತೆಗೆಯೆಂದು ನೀನು ಅಂದದ್ದನ್ನೂ ಹೇಳಿದೆ. ಆಚೆ ದಡ ಮುಟ್ಟಿದರೆ ಹಾಡು ನಿಲ್ಲುತ್ತದೆಂದು ತಿಳಿದ ಮೇಲೆ ದೋಣಿಯನ್ನು ನಡುನೀರಿನಲ್ಲೇ ಬಿಟ್ಟು ಕೂತರು. ಚಹಾ ಆರಿಹೋಯಿತು. ಎದ್ದು ಹೊರಡುವಾಗ, "ಹೆಸರು ಇರ್ಲಿ ಅಂತ ನಾ ಅಂದೀನಂತ ನಿಮ್ಮವ್ವಗ ಹೇಳಬ್ಯಾಡ" ಅಂದರು. ಹೇಳುವುದಿಲ್ಲವೆಂದು ಒಪ್ಪಿಕೊಂಡಿದ್ದೇನೆ.