ನಡುಸೇತುವೆಯ ಮೊದಲ ಕಾಯಿ

ಸೇತುವೆಯ ಕೆಳಗಿನ ಊರು
೩೦ ಫೆಬ್ರುವರಿ ೨೧೯೪

ತಾಯಿ ಶಂಕ್ರವ್ವನವರ ಪಾದಕ್ಕೆ ನಿಮ್ಮ ಮರಿಮಗಳ ಮರಿಮಗಳು ಹೂವಕ್ಕ ತಲೆಯಿಟ್ಟು ಬರೆಯುವುದು. ನಿಮ್ಮ ಮೊಣಕಾಲು ನೋವು ಹೇಗಿದೆ? ಫಕೀರಪ್ಪಜ್ಜನ ಕೆಮ್ಮು ಇಳಿಯಿತೇ? ನಾವೆಲ್ಲ ಯಾರ ಕುಡಿಗಳೋ ಆ ಕೂಸು ನಿಂಬೆವ್ವಳಿಗೆ ಹಲ್ಲು ಬಂದವೇ? ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ಕಾಲದಲ್ಲಿ ಫೆಬ್ರುವರಿಗೆ ಮೂವತ್ತು ದಿನ. ಸೇತುವೆಯಿಂದ ಕಳಚಿ ಬಿದ್ದ ಫಲಕಗಳನ್ನು ನೋಡಿ ನಾನೇ ಅಕ್ಷರ ಕಲಿತವಳು. ಮಾತು ಎಲ್ಲಾದರೂ ‘ನಿಧಾನವಾಗಿ ಚಲಿಸಿ’ ಎಂದಂತೆ ಕೇಳಿಸಿದರೆ ಕ್ಷಮಿಸಿ.

ನಿಮ್ಮಲ್ಲಿ ಬರುವ ವಾರ ಸೇತುವೆ ತೆರೆಯುತ್ತದೆ. ನೀವು ಜೀಪಿನಲ್ಲಿ ಹೋಗಿ, ನಟ್ಟನಡುವೆ ನಿಲ್ಲಿಸಿ, ಗಂಗವ್ವನಿಗೆಂದು ಒಂದು ತೆಂಗಿನಕಾಯಿಯನ್ನು ಹೊಳೆಗೆ ಎಸೆಯುತ್ತೀರಿ. ಯಾರೋ ಫೋಟೋ ತೆಗೆಯುತ್ತಾರೆ. ಆ ಫೋಟೋವನ್ನು ಈಗ ಅಲ್ಲೇ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಿದ್ದಾರೆ. ದಾಟುವ ಪ್ರತಿ ಗಾಡಿಯೂ ನಿಮ್ಮೆದುರು ನಿಂತು ಒಂದು ಕಾಯಿ ಎಸೆದೇ ಮುಂದೆ ಹೋಗುತ್ತದೆ.

ಹೊಳೆ ಬತ್ತಿದ್ದು ನಮ್ಮ ಅಜ್ಜನ ಕಾಲಕ್ಕೆ. ಬಯಲಿನ ಬಿಸಿಲಿಗೆ ಮೈಮೇಲೆ ಬೊಕ್ಕೆ ಏಳುತ್ತವೆ, ತಂಪೆಂದರೆ ಸೇತುವೆಯ ನೆರಳೊಂದೇ. ಆದ್ದರಿಂದ ಊರೆಲ್ಲ ಅದರಡಿಯಲ್ಲೇ, ಹೊಳೆಯಿದ್ದ ಜಾಗದಲ್ಲೇ ಇದೆ. ಹಳೆಯ ಟೈರಿನ ಪಟ್ಟಿ ಹೆಣೆದ ಬುಟ್ಟಿಯೊಂದನ್ನು ತಲೆಗೆ ಹಾಕಿಕೊಳ್ಳುತ್ತೇವೆ, ಅದಕ್ಕೆ ತಲೆಗೂಡು ಎನ್ನುತ್ತೇವೆ. ಕೂಸಿಗೆ ಹೆಸರಿಡುವ ಮೊದಲು ತಲೆಗೂಡು ಸಿದ್ಧವಾಗಬೇಕು. ಮದುವೆಯಲ್ಲಿ ಬಾಸಿಂಗ ಕಟ್ಟುವುದೂ ಅದರ ಮೇಲೆಯೇ. ಮಕ್ಕಳಿಗೆ ಮೊದಲ ಪಾಠ, ಮೇಲೆ ನೋಡಬಾರದು, ಮುಖಕ್ಕೆ ಗೂಡಿಲ್ಲ. ಬಿದ್ದ ಕಾಯಿಯ ಚೂರುಗಳನ್ನು ಆರಿಸಿ ತೊಳೆದು ಚಟ್ನಿ ಅರೆಯುತ್ತೇವೆ. ಯಾರ ಅಂಗಳದ ಚೂರು ಎಂದು ಕೇಳುವುದಿಲ್ಲ.

ಮೊನ್ನೆ ಮೇಲಿನವರು ನಾನು ನಿಮ್ಮ ವಂಶದವಳೆಂದು ಪತ್ತೆಹಚ್ಚಿ ಸನ್ಮಾನಕ್ಕೆ ಕರೆದೊಯ್ದರು. ವನಮಾಲಾಬಾಯಿ ಎಂಬಾಕೆ ತಾನೇ ಕಾರು ನಡೆಸಿದಳು. ಸುಳ್ಳು ಹೇಳಲಾರೆ ಅವ್ವಾ, ಚೆನ್ನಾಗಿತ್ತು. ಗಾಲಿಯ ಸದ್ದಿಲ್ಲ, ಮೋಡಗಳು ನಮಗಿಂತ ಕೆಳಗೆ, ಎರಡೂ ಕಡೆ ಬರೀ ಗಾಳಿ. ನಮ್ಮೂರನ್ನು ಹುಡುಕಿದೆ, ಚೆಲ್ಲಿದ ಸಾಸಿವೆಯಷ್ಟೂ ಕಾಣಲಿಲ್ಲ. ನಿಮ್ಮೆದುರು ಕಾರು ನಿಲ್ಲಿಸಿ ನನ್ನ ಮಡಿಲಿಗೆ ಕಾಯಿ ಇಟ್ಟಳು. “ಒಗೀರಿ ಅಮ್ಮಾ, ನಿಮ್ಮ ಮನೆತನದ ಹಕ್ಕೈತಿ.”

“ಕೆಳಗ ನಮ್ಮ ಮಂದಿ ಅದಾರವ್ವಾ,” ಎಂದೆ.

“ಇದ್ರ ಇರವಲ್ರ್ಯಾಕ, ಅವ್ರಿಗೂ ಪ್ರಸಾದ ಸಿಗಲಿ!” ಎಂದು ನಕ್ಕಳು. ನಾನು ಕಾಯಿಯನ್ನು ಸೆರಗಿನಲ್ಲಿ ಸುತ್ತಿ ಎದೆಗೆ ಒತ್ತಿಕೊಂಡೆ. “ಅಂಜಬ್ಯಾಡ್ರಿ, ನಿಮ್ಮ ಹೆಸರಿಲೆ ನಾನೇ ಒಗೀತೀನಿ,” ಎಂದು ಪ್ರೀತಿಯಿಂದಲೇ ನನ್ನ ಬೆರಳು ಬಿಡಿಸಿ ಕಸಿದುಕೊಂಡಳು. ಎಸೆದಳು, ಕೈಮುಗಿದಳು, ಕೈ ಒರೆಸಿಕೊಂಡು ನನಗೆ ಪೇಢೆ ತಿನ್ನಿಸಿದಳು. ಸದ್ದು ಬರಲೇ ಇಲ್ಲ. “ನೋಡ್ರಿ, ಗಂಗವ್ವ ತಗೊಂಡ್ಲು,” ಎಂದಳು.

ಕೆಳಗೆ ನನ್ನ ತಮ್ಮ ದ್ಯಾವಪ್ಪ ಅಂಗಳಕ್ಕೆ ಬಂದಿದ್ದ. “ನಮ್ಮಕ್ಕ ಹೊಂಟಾಳ ಬರ್ರೋ, ರಾಣಿ ಹೊಂಟಂಗ ಹೊಂಟಾಳ!” ಎಂದು ಓಣಿಯವರನ್ನೆಲ್ಲ ಕೂಗಿ ಕರೆದನಂತೆ. ಹುಟ್ಟಿದಾಗಿನಿಂದ ಮೇಲೆ ನೋಡದವನು ಅಂದು ಮುಖವೆತ್ತಿ ನನಗೆ ಕೈಬೀಸಿದ.

ಇನ್ನೂ ಉಸಿರಾಡುತ್ತಿದ್ದಾನೆ. ಬಾಯಿ ಎಲ್ಲಿತ್ತೋ ಅಲ್ಲಿಗೆ ಹತ್ತಿಯಲ್ಲಿ ನೀರು ಹಿಂಡುತ್ತಿದ್ದೇನೆ.

ನಿಮ್ಮ ಮೇಲೆ ಸಿಟ್ಟಿಲ್ಲ ಅವ್ವಾ. ಆ ದಿನ ಕೈ ಮುಗಿಯಿರಿ, ಗಂಗವ್ವನಿಗೆ ಅಷ್ಟೇ ಸಾಕು. ಕಾಯಿಯನ್ನು ಮಡಿಲಲ್ಲೇ ಇಟ್ಟುಕೊಂಡು ಮನೆಗೆ ಒಯ್ಯಿರಿ, ತುರಿದು ಬೆಲ್ಲ ಹಾಕಿ ಫಕೀರಪ್ಪಜ್ಜನಿಗೆ ಕಡುಬು ಮಾಡಿಕೊಡಿ. ಒಯ್ದಿರೋ ಇಲ್ಲವೋ, ಒಂದೇ ಸಾಲು ಸಾಕು, ಬೇಗ ಬರೆಯಿರಿ. ದ್ಯಾವಪ್ಪನಿಗೆ ಹೆಚ್ಚು ದಿನ ಕಾಯಲಾಗುವುದಿಲ್ಲ.