ಕರೆಂಟ್ ಬಂತು, ಎಚ್ಚರಿಕೆ ಬರಲಿಲ್ಲ

ನದಿತೀರ ಮುನ್ನೆಚ್ಚರಿಕೆ ಕೇಂದ್ರದ ಮಾನ್ಯ ನಿರ್ದೇಶಕರೇ,

ನಿಮ್ಮ ಕೇಂದ್ರದ ಕಂಪ್ಯೂಟರಿನಲ್ಲಿ ಯಾರೂ ಮಾಡದೆ ಬಿಟ್ಟ ಒಂದು ಸಣ್ಣ ಕೆಲಸದಿಂದಾಗಿ ನಮ್ಮೂರಿನ ದೇವೀರಮ್ಮ ಕಪಿಲೆಯ ಪಾಲಾದರು. ಪತ್ರಿಕೆಗಳಿಗೆ ಕೊಟ್ಟ ಹೇಳಿಕೆಯಲ್ಲಿ ನೀವು ಅದನ್ನು ‘ವಿದ್ಯುತ್ ವ್ಯತ್ಯಯದಿಂದ ಉಂಟಾದ ಅನಿರೀಕ್ಷಿತ ತಾಂತ್ರಿಕ ಅಡಚಣೆ’ ಎಂದು ಕರೆದಿದ್ದೀರಿ. ಮಳೆಗಾಲದಲ್ಲಿ ನಂಜನಗೂಡಿನ ಸುತ್ತಮುತ್ತ ಕರೆಂಟ್ ಹೋಗುವುದು ಅನಿರೀಕ್ಷಿತವೇ, ಸ್ವಾಮಿ? ಹೋಗದೆ ಇದ್ದ ದಿನವೇ ನಮಗೆ ಆಶ್ಚರ್ಯ. ಊರಿನ ಮಕ್ಕಳಿಗೂ ಗೊತ್ತಿರುವ ಸಂಗತಿಯೊಂದು ನಿಮ್ಮ ಕೇಂದ್ರಕ್ಕೆ ಮಾತ್ರ ಆಕಾಶದಿಂದ ಉದುರಿದ ಆಪತ್ತಿನಂತೆ ಕಂಡದ್ದು ಹೇಗೆ?

ನನ್ನ ಪರಿಚಯ ಹೇಳಿಬಿಡುತ್ತೇನೆ, ‘ವಿಷಯ ತಿಳಿಯದವರು ಮಾತನಾಡುತ್ತಿದ್ದಾರೆ’ ಎಂಬ ನಿಮ್ಮ ಸಿದ್ಧ ಉತ್ತರ ಈ ಸಲ ಉಪಯೋಗಕ್ಕೆ ಬರದಿರಲಿ. ನಾನು ಹುಟ್ಟಿದ್ದು ಹೆಡತಲೆಯಲ್ಲಿ. ಮದುವೆಯಾಗಿ ಬಂದದ್ದು ನಂಜನಗೂಡಿಗೂ ಟಿ. ನರಸೀಪುರಕ್ಕೂ ನಡುವೆ ಹೊಳೆಗೆ ಅಂಟಿಕೊಂಡಿರುವ ಊರಿಗೆ. ಮೈಸೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಡೇಟಾಬೇಸ್ ನೋಡಿಕೊಳ್ಳುವುದು ನನ್ನ ಉದ್ಯೋಗ. ರೋಗಿಗಳ ರಕ್ತದ ಗುಂಪಿನಿಂದ ಹಿಡಿದು ಅವರಿಗೆ ಯಾವ ಮಾತ್ರೆ ಕೊಡಬಾರದು ಎಂಬುದರವರೆಗೆ ಎಲ್ಲವೂ ಅದರಲ್ಲಿರುತ್ತದೆ. ಅದು ನಿಂತರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಿಮ್ಮ ಕೇಂದ್ರ ಶುರುವಾದಾಗ ನಮ್ಮೂರ ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿಸಿ ಸಭೆ ಮಾಡಿದ್ದಿರಿ. ಅಣೆಕಟ್ಟೆಯಿಂದ ನೀರು ಬಿಟ್ಟ ಕೂಡಲೇ ದಂಡೆಯ ಪ್ರತಿ ಮನೆಯ ಫೋನಿಗೂ ಸಂದೇಶ ಬರುತ್ತದೆ ಎಂದಿರಿ. ಅಲ್ಲಿಯತನಕ ಆ ಕೆಲಸ ಮಾಡುತ್ತಿದ್ದವರು ದೇವೀರಮ್ಮನ ಗಂಡ ಜವರಯ್ಯ. ಹೊಳೆ ಏರುವ ಸುದ್ದಿ ಬಂದರೆ ದಂಡೆಯುದ್ದಕ್ಕೂ ತಮಟೆ ಬಾರಿಸಿಕೊಂಡು ಹೋಗುತ್ತಿದ್ದರು. ಅಂದು ವೇದಿಕೆಯ ಮೇಲೆ ಅವರಿಗೆ ಶಾಲು ಹೊದಿಸಿ, ‘ಇನ್ನು ನೀವು ವಿಶ್ರಾಂತಿ ತೆಗೆದುಕೊಳ್ಳಿ’ ಎಂದಿರಿ. ಎಲ್ಲರೂ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ.

ಸುಳ್ಳು ಹೇಳುವುದಿಲ್ಲ, ಸಂದೇಶಗಳು ಬಂದವು. ಒಂದು ಮಳೆಗಾಲ, ಇನ್ನೊಂದು ಮಳೆಗಾಲ, ತಪ್ಪದೆ ಬಂದವು. ಜನ ಪಂಪ್‌ಸೆಟ್ ಎತ್ತಿಕೊಂಡರು, ದನಗಳನ್ನು ಮೇಲಕ್ಕೆ ಹೊಡೆದುಕೊಂಡು ಬಂದರು. ನಿಮ್ಮ ಮೇಲೆ ನಂಬಿಕೆ ಹುಟ್ಟಿತು. ನನಗೆ ಈಗ ಸಿಟ್ಟಿರುವುದು ಆ ನಂಬಿಕೆಯ ವಿಷಯಕ್ಕೇ. ನೀವು ಮೊದಲಿನಿಂದಲೂ ಕೆಲಸಕ್ಕೆ ಬಾರದವರಾಗಿದ್ದಿದ್ದರೆ ನಮ್ಮ ಜನ ನೀರನ್ನೇ ನೋಡುತ್ತಿದ್ದರು, ಫೋನನ್ನಲ್ಲ.

ಆ ಬೆಳಿಗ್ಗೆ ನನ್ನ ಅತ್ತೆ ಸಿದ್ದಲಿಂಗಮ್ಮ ಮತ್ತು ಪಕ್ಕದ ಬೀದಿಯ ದೇವೀರಮ್ಮ ಹುಲ್ಲು ಕೊಯ್ಯಲು ಹೊಳೆಯ ನಡುಗಡ್ಡೆಗೆ ಹೋಗಿದ್ದರು. ಮೊಣಕಾಲುದ್ದದ ನೀರು ದಾಟಿದರೆ ಸಿಗುವ ಜಾಗ. ಇಬ್ಬರೂ ಮದುವೆಯಾಗಿ ಬಂದಾಗಿನಿಂದ ಒಟ್ಟಿಗೇ ಹೋಗಿಬಂದವರು. ಮೇಲೆ ಅಣೆಕಟ್ಟೆಯಲ್ಲಿ ಗೇಟು ತೆಗೆದಿದ್ದರು, ಆ ಮಾಹಿತಿ ನಿಮ್ಮ ಕೇಂದ್ರಕ್ಕೆ ಸರಿಯಾಗಿಯೇ ಬಂದಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ನಿಮ್ಮಲ್ಲಿ ಕರೆಂಟ್ ಹೋಗಿ ಬಂದಿತ್ತು, ಅಷ್ಟೇ.

ಮುಂದಿನದನ್ನು ಅತ್ತೆ ನನಗೆ ಹೇಳಿದ ಹಾಗೆಯೇ ಬರೆಯುತ್ತೇನೆ. ಮೊದಲು ಗಮನಿಸಿದವರು ದೇವೀರಮ್ಮ.

“ಅಕ್ಕೋ, ನೀರು ಯಾಕೋ ಬಣ್ಣ ತಿರುಗ್ದಂಗದೆ. ಓಗಾನಾ?”

ಅತ್ತೆ ಸೊಂಟದ ಎಲೆಯಡಿಕೆ ಚೀಲದಿಂದ ಫೋನು ತೆಗೆದು ನೋಡಿದರು. ಅವರಿಗೆ ಓದು ಬಾರದು, ಆದರೆ ಸಂದೇಶ ಬಂದರೆ ಮೂಡುವ ಗುರುತು ಗೊತ್ತು. “ಮೆಸೇಜ್ ಏನೂ ಬಂದಿಲ್ವಲ್ಲೇ. ನೀರು ಬಿಟ್ಟಿದ್ರೆ ಬರ್ತಿತ್ತು. ಇನ್ನೊಂದು ಹೊರೆ ಕುಯ್ಕೊಂಡೇ ಹೋಗಾನ.”

“ನೋಡು, ನೀನೇಳ್ದಂಗೇ ಆಗ್ಲಿ,” ಎಂದು ದೇವೀರಮ್ಮ ಮತ್ತೆ ಬಗ್ಗಿದರು.

ಎರಡನೆಯ ಹೊರೆ ಕಟ್ಟುವ ಹೊತ್ತಿಗೆ ದಾಟಿ ಬಂದ ಹಾದಿ ಇರಲಿಲ್ಲ. ನಡುಗಡ್ಡೆಯ ತುದಿಯಲ್ಲಿ ಒಂದು ಹೊಳೆಮತ್ತಿ ಮರವಿದೆ. ಇಬ್ಬರೂ ಅದರ ಕಡೆಗೆ ಓಡಿದರು. ಅತ್ತೆ ಮರ ಹಿಡಿದರು. ದೇವೀರಮ್ಮ ಮರ ತಲುಪಲಿಲ್ಲ. ಮೀನು ಹಿಡಿಯುವವರು ತೆಪ್ಪ ಹಾಕಿ ಅತ್ತೆಯನ್ನು ಕರೆತಂದಾಗ ಅವರ ಕೈಯಲ್ಲಿ ಇನ್ನೂ ಕುಡುಗೋಲು ಇತ್ತಂತೆ. ಬಿಡಿಸಿಕೊಳ್ಳಲು ಇಬ್ಬರು ಬೇಕಾಯಿತು.

ನಾನು ಮೈಸೂರಿನಿಂದ ಓಡಿಬಂದಾಗ ಊರೆಲ್ಲ ದಂಡೆಯ ಮೇಲಿತ್ತು. ಜವರಯ್ಯ ನೀರನ್ನೇ ನೋಡುತ್ತ ಕುಕ್ಕರುಗಾಲಿನಲ್ಲಿ ಕುಳಿತಿದ್ದರು. ಸಂಜೆಯಾಗುತ್ತಿತ್ತು. ಆಗ ಒಂದು ಫೋನು ಸದ್ದು ಮಾಡಿತು. ಅದರ ಹಿಂದೆಯೇ ಇನ್ನೊಂದು. ಆಮೇಲೆ ದಂಡೆಯ ಮೇಲಿದ್ದ ಎಲ್ಲರ ಜೇಬು, ಚೀಲ, ಸೆರಗಿನ ಗಂಟಿನಿಂದಲೂ ಸದ್ದು. ನಿಮ್ಮ ಸಂದೇಶ, ನಿರ್ದೇಶಕರೇ. ‘ನದಿಯಲ್ಲಿ ನೀರಿನ ಮಟ್ಟ ಏರಲಿದೆ. ಕೂಡಲೇ ಎತ್ತರದ ಸ್ಥಳಕ್ಕೆ ತೆರಳಿ.’ ಜವರಯ್ಯ ಅಂಗಿ ಜೇಬಿನಿಂದ ಫೋನು ತೆಗೆದು ನನ್ನ ಕೈಗಿಟ್ಟು, “ಏನ್ ಬರ್ದವ್ರೆ ಓದವ್ವ,” ಎಂದರು. ನಾನು ಓದಿದೆ. ಅದನ್ನು ಅವರಿಗೆ ಓದಿ ಹೇಳುವ ಕೆಲಸ ನಿಮ್ಮದಾಗಬೇಕಿತ್ತು.

ಮರುದಿನ ದೇವೀರಮ್ಮ ಟಿ. ನರಸೀಪುರದ ಸಂಗಮದ ಹತ್ತಿರ ಸಿಕ್ಕರು.

ಕಾರ್ಯಗಳೆಲ್ಲ ಮುಗಿದ ಮೇಲೆ ಜವರಯ್ಯನನ್ನು ಕರೆದುಕೊಂಡು ನಿಮ್ಮ ಕೇಂದ್ರಕ್ಕೆ ಬಂದೆ. ನೀವು ಸಭೆಯಲ್ಲಿದ್ದಿರಿ. ಸಿಕ್ಕಿದವರು ನಿಮ್ಮ ತಾಂತ್ರಿಕ ಅಧಿಕಾರಿ ಅನಿಕೇತ್.

“ಮೇಡಂ, ಸರ್ವರ್ ಆನ್ ಆಗಿತ್ತು. ಕರೆಂಟ್ ಬಂದ ತಕ್ಷಣ ತಾನೇ ಆನ್ ಆಗಿದೆ. ಬೇಕಾದ್ರೆ ನೋಡಿ,” ಎಂದರು.

“ಡೇಟಾಬೇಸ್?”

“ಅದನ್ನ ನಮ್ಮ ಆಪರೇಟರ್ ಮದನ್ ಸ್ಟಾರ್ಟ್ ಮಾಡ್ತಿದ್ರು.”

“ಪ್ರತಿ ಸಲವೂ ಕೈಯಲ್ಲೇ?”

“ಹೌದು. ಕರೆಂಟ್ ಹೋಗಿ ಬಂದಾಗೆಲ್ಲ. ಅವತ್ತು ಅವರು ತಂಗಿ ಮದುವೆಗೆ ರಜೆ ಹಾಕಿದ್ರು. ಸಂಜೆ ಫೋನ್ ಮಾಡಿ ಕೇಳ್ಕೊಂಡು ನಾವೇ ಸ್ಟಾರ್ಟ್ ಮಾಡಿದ್ವಿ.”

“ತಾನೇ ಸ್ಟಾರ್ಟ್ ಆಗೋ ಹಾಗೆ ಯಾಕೆ ಮಾಡಿಟ್ಟಿಲ್ಲ?”

ಅನಿಕೇತ್ ಬಾಗಿಲ ಕಡೆ ನೋಡಿದರು. “ಹಾಕಿಕೊಟ್ಟ ಕಂಪನಿಯವರು ಮಾಡಿರಲಿಲ್ಲ ಮೇಡಂ. ನಾವು ಕೇಳಿದ್ವಿ. ನಡೀತಿರೋದನ್ನ ಮುಟ್ಟಬೇಡಿ ಅಂತ ಡೈರೆಕ್ಟರ್ ಸಾಹೇಬ್ರು ಹೇಳಿದ್ರು.”

ಜವರಯ್ಯ ನನ್ನ ತೋಳು ಮುಟ್ಟಿ, “ಏನಂತವ್ವ?” ಎಂದರು. ನಮ್ಮೆಲ್ಲರ ಹೆಸರು, ಊರು, ಫೋನ್ ನಂಬರು ಇರುವುದು ಡೇಟಾಬೇಸಿನಲ್ಲಿ, ಯಂತ್ರಕ್ಕೆ ಕರೆಂಟ್ ಬಂದರೂ ಒಳಗೆ ಅದು ಶುರುವಾಗಿರಲಿಲ್ಲ, ಹಾಗಾಗಿ ಯಾರಿಗೆ ಸಂದೇಶ ಕಳಿಸಬೇಕೆಂದೇ ಅದಕ್ಕೆ ಗೊತ್ತಾಗಲಿಲ್ಲ ಎಂದೆ. ಅವರು, “ಅಂದ್ರೆ ಮಿಸಿನ್ನು ಎದ್ದಿತ್ತು, ಕೆಲ್ಸುಕ್ಕೆ ಓಗಿರ್ನಿಲ್ಲ,” ಎಂದರು.

ನಿರ್ದೇಶಕರೇ, ಕಂಪ್ಯೂಟರ್ ಏಳುವಾಗಲೇ ಡೇಟಾಬೇಸೂ ಏಳಲಿ ಎಂದು ಒಂದು ಸಲ ಹೇಳಿಟ್ಟರೆ ಸಾಕು. ಒಂದು ಸಾಲಿನ ಆದೇಶ. ದತ್ತಾಂಶವಿರುವ ಡಿಸ್ಕು ಸಿದ್ಧವಾಗುವ ತನಕ ಕಾಯಬೇಕಿದ್ದರೆ ಇನ್ನೊಂದೆರಡು ಸಾಲು. ನಮ್ಮಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮೊದಲ ವಾರದಲ್ಲಿ ಕಲಿಸುವ ಪಾಠವಿದು. ನೀವು ಒಂದು ಸಾಲು ಬರೆಯಿಸಲಿಲ್ಲ, ಆದರೆ ಘಟನೆಯ ಬಗ್ಗೆ ಪುಟಗಟ್ಟಲೆ ವರದಿ ಬರೆಯಿಸಿದಿರಿ. ದಂಡೆಯ ಸಾವಿರಾರು ಜನರ ಪ್ರಾಣವನ್ನು ಒಬ್ಬ ನೌಕರ ತಂಗಿಯ ಮದುವೆಗೆ ಹೋಗದಿರಲಿ ಎಂಬ ಹಾರೈಕೆಯ ಮೇಲೆ ನಿಲ್ಲಿಸಿ, ಅದಕ್ಕೆ ‘ವ್ಯವಸ್ಥೆ’ ಎಂದು ಹೆಸರಿಟ್ಟಿದ್ದೀರಲ್ಲ, ಈ ಧೈರ್ಯ ಎಲ್ಲಿಂದ ಬಂತು?

ಇನ್ನು ನೀವು ಕೈಗೊಂಡ ಕ್ರಮಗಳು. ಮೊದಲನೆಯದಾಗಿ ಮದನ್ ಅವರನ್ನು ಕೆಲಸದಿಂದ ತೆಗೆದಿರಿ. ಆ ರಜೆಯನ್ನು ಮಂಜೂರು ಮಾಡಿದವರು ನೀವೇ ಅಲ್ಲವೇ? ಎರಡು ಮಳೆಗಾಲ ಊಟ ನಿದ್ದೆ ಬಿಟ್ಟು ಓಡಿಬಂದು ನಿಮ್ಮ ಮಾನ ಉಳಿಸಿದ ಮನುಷ್ಯನಿಗೆ ಇದು ಬಹುಮಾನ. ಆಮೇಲೆ ಸರ್ವರಿನ ಮೇಲೊಂದು ಕಾಗದ ಅಂಟಿಸಿದಿರಿ. ನಾನೇ ಓದಿಬಂದೆ. ‘ವಿದ್ಯುತ್ ಹೋಗಿ ಬಂದಲ್ಲಿ ಸಂಬಂಧಪಟ್ಟವರ ಗಮನಕ್ಕೆ ತರುವುದು.’ ಸಂಬಂಧಪಟ್ಟವರನ್ನು ತಾನೇ ನೀವು ಮನೆಗೆ ಕಳಿಸಿದ್ದು? ದೊಡ್ಡ ಯುಪಿಎಸ್ ಒಂದನ್ನು ತರಿಸುವ ಪ್ರಸ್ತಾವನೆಯೂ ಹೋಗಿದೆಯಂತೆ. ತರಿಸಿ. ಅದರ ಬ್ಯಾಟರಿಯೂ ಒಂದು ದಿನ ಖಾಲಿಯಾಗುತ್ತದೆ, ಯಂತ್ರ ಆರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಡೇಟಾಬೇಸ್ ಮಾತ್ರ ಅಂದೂ ಮಲಗಿಯೇ ಇರುತ್ತದೆ.

ಈ ಇಡೀ ಪ್ರಕರಣದಲ್ಲಿ ತಪ್ಪು ಒಪ್ಪಿಕೊಂಡವರು ಒಬ್ಬರೇ. ಅವರು ನನ್ನ ಅತ್ತೆ. ಊಟದ ತಟ್ಟೆಯ ಮುಂದೆ ಕೂತು ಇದ್ದಕ್ಕಿದ್ದಂತೆ, “ಅವಳು ಹೋಗಾನ ಅಂದ್ಲು ಕಣವ್ವ. ನಾನೇ ಮೆಸೇಜ್ ಬಂದಿಲ್ಲ ಅಂದೆ,” ಎನ್ನುತ್ತಾರೆ. ಜವರಯ್ಯ ಮನೆಗೆ ಬಂದು, “ನೀವೇನ್ ಮಾಡೀರಿ ಅಮ್ಮಾರೆ, ಬಿಡಿ,” ಎಂದು ಸಮಾಧಾನ ಹೇಳಿ ಹೋದರು. ಹೆಂಡತಿಯನ್ನು ಕಳೆದುಕೊಂಡವರು ಬಂದು ಸಮಾಧಾನ ಹೇಳುತ್ತಾರೆ. ನೀವು ಇನ್ನೂ ಸಭೆಯಲ್ಲಿದ್ದೀರಿ. ಓದು ಬಾರದ ಹೆಂಗಸು ಹೊತ್ತಿರುವ ಈ ಭಾರ ನಿಮ್ಮದು. ಅದನ್ನು ಬಂದು ತೆಗೆದುಕೊಂಡು ಹೋಗಿ.

ಪರಿಹಾರ ಕೇಳಲು ಈ ಪತ್ರ ಬರೆದಿಲ್ಲ, ನಿಮ್ಮ ಸಂತಾಪವೂ ಬೇಡ. ಮದನ್ ಅವರನ್ನು ವಾಪಸು ಕರೆಯಿರಿ. ಡೇಟಾಬೇಸ್ ತಾನಾಗಿ ಏಳುವಂತೆ ಮಾಡಿಸಿ. ಮಾಡಿಸಿದ್ದೇವೆ ಎಂದು ಹೇಳಿಕೆ ಕೊಡಬೇಡಿ, ನಾವು ನಂಬುವುದಿಲ್ಲ. ಬರುವ ಸೋಮವಾರ ದಂಡೆಯ ಊರುಗಳವರೆಲ್ಲ ನಿಮ್ಮ ಕೇಂದ್ರದ ಮುಂದೆ ಬಂದು ಕೂರುತ್ತೇವೆ. ನೀವು ಖುದ್ದಾಗಿ ಮೇನ್ ಸ್ವಿಚ್ ಆರಿಸಬೇಕು, ಮತ್ತೆ ಹಾಕಬೇಕು. ಆಮೇಲೆ ಅಣೆಕಟ್ಟೆಯಿಂದ ಪರೀಕ್ಷೆಗೆಂದು ಒಂದು ಮಾಹಿತಿ ಬರುವಂತೆ ಮೊದಲೇ ಹೇಳಿಡಿ. ಹಾಕಿದ ಮೇಲೆ ನಿಮ್ಮವರು ಯಾರೂ ಕೀಲಿಮಣೆ ಮುಟ್ಟಕೂಡದು, ಹೊರಗೆ ಬಂದು ನಮ್ಮ ಜೊತೆ ನೆಲದ ಮೇಲೆ ಕುಳಿತುಕೊಳ್ಳಬೇಕು. ಜವರಯ್ಯನ ಫೋನು ಸದ್ದು ಮಾಡಿದ ಮೇಲೆ ನೀವು ಏಳಬಹುದು.

ಇಂತಿ,
ನಿಮ್ಮ ಡೇಟಾಬೇಸಿನಲ್ಲಿ ಇನ್ನೂ ಜೀವಂತವಿರುವ ಒಂದು ಮೊಬೈಲ್ ಸಂಖ್ಯೆ,
ರಮ್ಯ