ಅಕ್ಕವ್ವನ ಕ್ಯಾಸೆಟ್ಟಿಗೆ ಬರೆದ ಮುಖ

೧೧ ಜೂನ್ ೧೯೯೧, ನಿಪ್ಪಾಣಿ
ಬೆಳಿಗ್ಗೆಯಿಂದ ಬೀಡಿ ಲೇಬಲ್ ಬರೆಯುತ್ತಿದ್ದೆ. ಮತ್ತೆ ಹುಲಿ, ಮತ್ತೆ ಸೂರ್ಯ. ಮಧ್ಯಾಹ್ನ ಪ್ರೆಸ್ಸಿನ ಮಾಲೀಕರಾದ ಶಾಂತಿನಾಥರು ಮೇಜಿನ ಮೇಲೆ ಒಂದು ಕ್ಯಾಸೆಟ್, ಹಾಡಿದಾಕೆಯ ಒಂದು ಫೋಟೋ ಇಟ್ಟರು. ಈಗ ಕ್ಯಾಸೆಟ್ ಕಂಪನಿಯನ್ನೂ ತೆಗೆದಿದ್ದಾರೆ. ಇದೇ ಮೊದಲನೆಯದು. ಚಿಂಚಲಿಯ ಅಕ್ಕವ್ವ ಹಾಡಿದ, ಅಲ್ಲಿಯ ದೇವಿ ಮಾಯಕ್ಕನ ಹಾಡು.
"ಮಮತಾಜ, ಇದರ ಕವರ್ ನೀನ ಮಾಡು. ಲೇಬಲ್ ಮಾಡಿ ಬ್ಯಾಸರಾಗೈತಿ ಅಂತಿದ್ದಿ ಅಲ್ಲ?"
ಎಷ್ಟು ದಿನದಿಂದ ಕಾದ ಕೆಲಸ! ಟೇಪ್ ರೆಕಾರ್ಡರನ್ನೂ ಮನೆಗೆ ಹೊತ್ತು ತಂದೆ.

೧೪ ಜೂನ್
ಕೇಳುತ್ತಲೇ ಇದ್ದೇನೆ. ಬಿಸಿಲಲ್ಲಿ ಬೆಂದ ದನಿ. ಕೆಳಗೆ ಒಂದೇ ತಂತಿಯ ಚೌಡಕಿ. ದನಿ ಏರುತ್ತದೆ, ಏರಿದಲ್ಲೇ ಒಡೆಯುತ್ತದೆ. ಒಡೆದದ್ದನ್ನೇ ಎತ್ತಿಕೊಂಡು ಆಕೆ ಮುಂದೆ ಹೋಗುತ್ತಾಳೆ. ಪೆನ್ಸಿಲ್ ಹಿಂದೆಯೇ ಓಡಿತು. ಒಂದು ಗೆರೆ — ತಂತಿಯಾಗಿ ಹೊರಟದ್ದು ಕೆನ್ನೆಯ ಸುಕ್ಕಾಗಿ ಹಣೆಯವರೆಗೆ ಹೋಯಿತು. ಕಪ್ಪು, ಮತ್ತೆ ದೇವಿಯ ಭಂಡಾರದ ಅರಿಶಿನ ಹಳದಿ. ಬೇರೆ ಬಣ್ಣ ಬೇಡ. ಅಕ್ಷರಗಳೂ ಕೈಬರಹ, ಸ್ವಲ್ಪ ಓಲುವ ಹಾಗೆ.
"ಇಷ್ಟ ಜಾಗಾ ಖಾಲಿ ಬಿಟ್ಟಿಯಲ್ಲ ಬೇಟೀ?" ಎಂದರು ಅಬ್ಬಾ. ಅವರು ಬೋರ್ಡ್ ಬರೆಯುವವರು, ಖಾಲಿ ಜಾಗ ಕಂಡರೆ ಆಗದು. ಆಮೇಲೆ ತಾವೇ ಬಹಳ ಹೊತ್ತು ನೋಡುತ್ತ ನಿಂತರು.

೧೭ ಜೂನ್
ಮಾಲೀಕರು ಒಲ್ಲೆ ಎಂದರು.
"ಕಲಾ ಛಲೋ ಐತಿ. ಆದ್ರ ಈ ಮುದಕಿ ಮಾರಿ ನೋಡಿ ಯಾರ ತಗೋತಾರ? ಒಂದು ಚೆಂದನ ಹುಡಿಗಿ ತಗಿ. ಮೂಗತಿ, ಹಸರ ಸೀರಿ."
"ಹಾಡಿದಾವ್ರು ಅವ್ರಲ್ರೀ?"
"ಹಾಡು ಒಳಗ ಇರತೈತಿ. ಕವರ್ ಹೊರಗ."
ಇನ್ನೂ ಮಾತಾಡಬಹುದಿತ್ತು. ಆಡಲಿಲ್ಲ. ಕೆಲಸ ಬೇರೆಯವರ ಕೈಗೆ ಹೋದೀತು ಎಂದು ಹೆದರಿದೆ.

೨೦ ಜೂನ್
ಹುಡುಗಿಯ ಚಿತ್ರ ಮುಗಿಯಿತು. ಒಂದೇ ದಿನ ಸಾಕಾಯಿತು. ಟೇಪ್ ಹಾಕಲೇ ಇಲ್ಲ.

೨ ಅಕ್ಟೋಬರ್
ಕ್ಯಾಸೆಟ್ ಓಡುತ್ತಿದೆ. ಹಾರೂಗೇರಿ, ಮುಗಳಖೋಡ, ಅಥಣಿ. ಕವರ್ ಹೊಗಳದವರಿಲ್ಲ. ಕೊಲ್ಹಾಪುರದಿಂದಲೂ ಒಂದು ಆರ್ಡರ್ ಬಂತು. ಸಂತೋಷವಾಗಬೇಕಿತ್ತು. ಆಯಿತು ಕೂಡ.

೯ ಡಿಸೆಂಬರ್
ಮಾಲೀಕರು ನಗುತ್ತ ಹೇಳಿದ ಸುದ್ದಿ. ಹಾರೂಗೇರಿಯಲ್ಲಿ ಅಕ್ಕವ್ವನ ಕಾರ್ಯಕ್ರಮವಿತ್ತಂತೆ. ಆಕೆ ವೇದಿಕೆ ಹತ್ತಿದ ಕೂಡಲೇ ಜನ ಕ್ಯಾಸೆಟ್ ಎತ್ತಿ ತೋರಿಸಿ ಕೂಗಿದರಂತೆ — "ಈ ಮುದಕಿ ಯಾರ್ರಿ? ಕ್ಯಾಸೆಟ್ಟಿನಾಕೀನ ಕರಸ್ರಿ!" ಆಕೆ ಒಂದು ಸಾಲು ಹಾಡಿದಳಂತೆ. ಸೀಟಿಯಲ್ಲಿ ಯಾರಿಗೂ ಕೇಳಿಸಲಿಲ್ಲ. ಚೌಡಕಿ ಎತ್ತಿಕೊಂಡು ಇಳಿದು ಹೋದಳಂತೆ.
ಪ್ರೆಸ್ಸಿನಲ್ಲಿ ಎಲ್ಲರೂ ನಕ್ಕರು. ನಾನೂ... ನಕ್ಕೆನೇ? ಬಾಯಿ ತೆರೆದಿತ್ತು.

೧೫ ಡಿಸೆಂಬರ್, ರವಿವಾರ
ಮೊದಲ ಚಿತ್ರ ಸುತ್ತಿಕೊಂಡು ಚಿಂಚಲಿಗೆ ಹೋದೆ. ಅಕ್ಕವ್ವ ಎಮ್ಮೆಗೆ ಕಣಿಕೆ ಹಾಕುತ್ತಿದ್ದಳು. ಫೋಟೋದಲ್ಲಿ ಕಂಡದ್ದಕ್ಕಿಂತ ಕುಳ್ಳಿ. ಕವರ್ ಬರೆದವಳು ನಾನೇ ಎಂದೆ. ಬೈಯಲಿ ಎಂದು ನಿಂತೆ.
"ಕುಂದರ್ ಬಾ ತಂಗಿ. ಚಾ ಕುಡದ ಹೋಗಂತಿ."
ಚಿತ್ರ ಬಿಚ್ಚಿದೆ. ಸೆರಗಿಗೆ ಕೈ ಒರೆಸಿಕೊಂಡು ಹಿಡಿದಳು. ಹಣೆಯ ಹಳದಿಯನ್ನು ಬೆರಳಿನಿಂದ ಮುಟ್ಟಿದಳು.
"ಮೊದಲ ನನ್ನ ಮಾರಿ ತಗದಿದ್ದಿಯೇನು?"
"ಹೂಂ ರೀ."
"ಮತ್ತ ಯಾಕ ಹಾಕಲಿಲ್ಲ?"
ಮಾಲೀಕರು ಒಪ್ಪಲಿಲ್ಲ ಎಂದೆ. ಅದು ನಿಜ. ಪೂರ್ತಿ ನಿಜವಲ್ಲ.
ಒಂದು ನುಡಿ ಹಾಡಿರಿ ಎಂದು ಕೇಳಿದೆ. ಕೇಳಬಾರದಿತ್ತು. ಚಿತ್ರ ಸುತ್ತಿ ನನ್ನ ಕೈಗೇ ಕೊಟ್ಟಳು.
"ಒಲ್ಲೆ ತಂಗಿ. ದನಿ ತಗದ್ರ ಸಾಕು, ಆ ಹುಡಿಗಿ ಕಣ್ಣಮುಂದ ಬರತಾಳ. ಅಕೀನ ಹಾಡಾಕತ್ತಾಳ ಅನಸತೈತಿ."

೬ ಜನವರಿ ೧೯೯೨
ಕ್ಯಾಸೆಟ್ಟಿನ ಎರಡನೇ ಭಾಗ ಬರುತ್ತಿದೆ. ಅಕ್ಕವ್ವ ಹಾಡಲು ಒಪ್ಪಲಿಲ್ಲ. ರಾಯಬಾಗದ ಬೇರೊಬ್ಬಳು ಹಾಡಿದ್ದಾಳೆ.
"ಹೆಸರು ಅಕ್ಕವ್ವಂದ ಇರ್ಲಿ. ಮಾರೀನೂ ಅದ, ಆ ಹುಡಿಗೀದ. ಜನಕ್ಕ ಗುರತೈತಿ," ಎಂದರು ಮಾಲೀಕರು.
"ನಾ ಮಾಡೂದಿಲ್ರಿ."
ಹೇಳಿಯೇಬಿಟ್ಟೆ. ಅವರಿಗೆ ಸಿಟ್ಟೂ ಬರಲಿಲ್ಲ.
"ಬ್ಯಾಡ ಬಿಡು. ಹಳೇ ಕವರಿನ ಪ್ರಿಂಟಿಂಗ್ ಪ್ಲೇಟ್ ಅದಾವಲ್ಲ. ಸೀರಿ ಬಣ್ಣ ಅಷ್ಟ ಬದಲ ಮಾಡ್ತೀನಿ."
ಸಂಜೆಯೇ ಮಷಿನ್ ಶುರುವಾಯಿತು. ಕ್ಯಾಸೆಟ್ ಅಂಗಡಿಗೆ ಬರುವ ಮೊದಲೇ ಚಿಂಚಲಿಗೆ ಹೋಗಬೇಕು. ಹೇಳಬೇಕು. ಅಕ್ಕವ್ವಾ, ಈ ಸಲ ನಿಮ್ಮ ದನಿಯನ್ನೂ ಬದಲಿಸಿದರು, ಹೆಸರಷ್ಟೇ ಉಳಿಸಿದರು.